ದೋಣಿ ಹಲಗೆಯ ನಡುಗೋಡೆ

ಗೋಡೆಯ ಆಚೆಯಿಂದ ಸುತ್ತಿಗೆಯ ಸದ್ದು ಬಂತು. ಒಡೀಲ್ ಕಾಫಿ ಕೆಳಗಿಟ್ಟು ಕಿವಿಗೊಟ್ಟಳು. ಎಲ್ಲಿ ಟೊಳ್ಳು, ಎಲ್ಲಿ ಗಟ್ಟಿ ಎಂದು ರಾವುಲ್ ಕುಟ್ಟಿ ನೋಡುತ್ತಿದ್ದ. ಮನೆಯ ಈಚೆ ಅರ್ಧ ಇನ್ನೂ ಅವನ ಕೈಸೇರಿರಲಿಲ್ಲ, ಒಡೆಯುವ ಆತುರ ಮಾತ್ರ ಆಗಲೇ ಶುರುವಾಗಿತ್ತು.

ನ್ಯೂ ಆರ್ಲಿಯನ್ಸ್‌ನ ಆ ಹಳೇ ಬೀದಿಯಲ್ಲಿ ಬಹುಪಾಲು ಜೋಡಿಮನೆಗಳೇ. ಒಂದೇ ಸೂರು, ಎರಡು ಬಾಗಿಲು, ನಡುವೆ ಒಂದು ಗೋಡೆ. ನದಿಯಲ್ಲಿ ಸರಕು ಹೊತ್ತು ಬಂದ ದೋಣಿಗಳನ್ನು ಒಡೆದು, ಅದೇ ಹಲಗೆಗಳಿಂದ ಹಿಂದಿನವರು ಆ ಗೋಡೆ ಎಬ್ಬಿಸಿದ್ದರು. ಆಚೆಯವರು ಸೀನಿದರೆ ಈಚೆಯವರು ಹರಸಬಹುದು, ಅಷ್ಟು ತೆಳು. ವಿಚ್ಛೇದನದ ದಿನ ನ್ಯಾಯಾಧೀಶರು ಎಡಭಾಗ ಒಡೀಲ್‌ಗೆ, ಬಲಭಾಗ ರಾವುಲ್‌ಗೆ ಎಂದು ಹಂಚಿದರು. ಇಬ್ಬರೂ ಒಪ್ಪದೆ ನಡುಗೋಡೆ ಮುಟ್ಟಬಾರದು ಎಂದೂ ಹೇಳಿದರು.

ಮರುವಾರವೇ ಬಲಭಾಗಕ್ಕೆ ವರ್ನಾ ಬಂದಳು. ನದಿಯ ಆಚೆ ದಡದಲ್ಲಿದ್ದ ಕಟ್ಟಿಕೊಂಡ ಗಂಡನಿಗೆ ಒಂದು ಮಾತೂ ಹೇಳದೆ ಓಡಿಬಂದವಳು. ಅವರ ನಗು, ಮುದ್ದುಮಾತು, ಮಂಚದ ಕಿರುಗುಟ್ಟುವಿಕೆ ಎಲ್ಲವೂ ಹಲಗೆ ದಾಟಿ ಒಡೀಲ್‌ಳ ದಿಂಬಿನ ಹತ್ತಿರ ಬರುತ್ತಿದ್ದವು. ಎರಡು ವರ್ಷ ಅವಳು ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡೇ ಮಲಗಿದಳು. ಅವರಿಬ್ಬರೂ ಒಂದು ದಿನವಾದರೂ ನೆಮ್ಮದಿ ಕೆಟ್ಟು ಕೂರುವುದನ್ನು ನೋಡಬೇಕು, ಅದೊಂದೇ ಅವಳ ಆಸೆ.

ಸುತ್ತಿಗೆ ನಿಂತಿತು. ರಾವುಲ್ ಅವಳ ಜಗಲಿಗೆ ಬಂದ.

"ಮಾರ್ಬಿಡೇ ಒಡೀಲ್. ಒಂಟಿ ಹೆಂಗ್ಸಿಗೆ ಇಷ್ಟು ಮನೆ ಯಾಕೆ? ಗೋಡೆ ತೆಗೆದು ಒಂದೇ ಮಾಡ್ತೀವಿ. ವರ್ನಾಗೆ ದೊಡ್ಡ ಅಡುಗೆಮನೆ ಬೇಕಂತೆ."

"ನಾನು ಹೋದ್ಮೇಲೆ ನಿಮಗೆ ಬೇಜಾರಾಗಲ್ವಾ?"

"ಆಗತ್ತೆ, ಆಗತ್ತೆ. ಇಬ್ರೂ ಕೂತು ಅಳ್ತೀವಿ."

ಒಳಗೆ ವರ್ನಾ ಕಿಸಕ್ಕೆಂದಳು.

ಒಡೀಲ್ ಅಂದಿನಿಂದ ಮನೆ ರಿಪೇರಿಗೆ ಕೈಹಾಕಿದಳು. ಕುಸಿದ ನೆಲ ಎತ್ತಿಸಿದಳು, ಕಿಟಕಿಗಳಿಗೆ ಹಸಿರು ಬಣ್ಣ ಬಳಿಸಿದಳು. ದಿನಾ ಬೆಳಿಗ್ಗೆ ಎಲ್ಲಿಗೋ ಹೋಗಿ, ನದಿಯ ಗಾಳಿಗೆ ಕೆದರಿದ ಕೂದಲಲ್ಲಿ ಮಧ್ಯಾಹ್ನ ಮರಳುತ್ತಿದ್ದಳು. "ಯಾರನ್ನೋ ಹಿಡ್ಕೊಂಡಿದ್ದಾಳೆ ಕಣೇ," ಎಂದು ರಾವುಲ್ ಹೇಳಿದ್ದು ಗೋಡೆಯಾಚೆಯಿಂದ ಕೇಳಿಸಿತು. ಅವಳು ಅದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ.

ತಿಂಗಳ ಕೊನೆಗೆ ಅವಳೇ ಅವನನ್ನು ಕರೆದಳು. "ಮಾರ್ಬಿಟ್ಟೆ. ಅಕ್ಕನ ಮನೆಗೆ ಹೊರಟಿದೀನಿ."

ರಾವುಲ್‌ನ ಮುಖ ಸುಟ್ಟ ಬದನೆಕಾಯಿಯಾಯಿತು. "ನನ್ನ ಬಿಟ್ಟು ಇನ್ಯಾರಿಗೆ?"

"ಪಾಪದ ಮನುಷ್ಯ. ಒಬ್ಬನೇ ಇರೋನು. ಜಗಳ ಗಿಗಳ ಏನೂ ಇಲ್ಲ. ಗೊರಕೆ ಮಾತ್ರ ಸ್ವಲ್ಪ ಜೋರಂತೆ."

ರಾವುಲ್ ಯೋಚಿಸಿ ಮತ್ತೆ ಗೆಲುವಾದ. "ಒಬ್ಬನೇ ತಾನೇ? ವರ್ನಾ ಎರಡು ಸಲ ನಕ್ಕು ಮಾತಾಡಿಸಿದ್ರೆ ಎಂಥಾ ಗಂಡಸೂ ಕರಗ್ತಾನೆ. ಆರು ತಿಂಗ್ಳಲ್ಲಿ ಮನೆ ನಮ್ದೇ."

"ಕರಗ್ತಾನೆ. ಅನುಭವಿಸಿದೋರಿಗೇ ಅದು ಗೊತ್ತು," ಎಂದಳು ಒಡೀಲ್.

ಸೋಮವಾರ ಹೊಸಬ ಬಂದಿಳಿದ. ಒಳಹೋಗಿ ಬಾಗಿಲು ಹಾಕಿಕೊಂಡದ್ದು ಒಡೀಲ್ ಒಬ್ಬಳಿಗೇ ಕಂಡಿತು. ಬೀದಿಯ ಎದುರು ಬದಿಯಲ್ಲಿ ಅಕ್ಕನ ಕಾರಿನಲ್ಲಿ ಕೂತು ಅವಳು ಕಿಟಕಿ ಇಳಿಸಿದಳು.

"ಹೊರಡೋಣ್ವಾ?" ಅಕ್ಕ ಕೇಳಿದಳು.

"ಒಂದ್ನಿಮಿಷ ಇರಕ್ಕಾ. ಇದನ್ನ ನೋಡದೆ ಹೋದ್ರೆ ಸತ್ರೂ ಸಮಾಧಾನ ಆಗಲ್ಲ."

ಸೋಮವಾರ ಆ ಊರಿನ ಎಲ್ಲ ಮನೆಗಳಲ್ಲೂ ಕೆಂಪು ಹುರುಳಿಕಾಯಿ ಕಾಳು, ಅನ್ನ. ವರ್ನಾ ತುಟಿಗೆ ರಂಗು ಹಚ್ಚಿ, ಚಮಚದ ಸಮೇತ ಒಂದು ಪಾತ್ರೆ ತುಂಬಿಸಿಕೊಂಡು ಎಡಬಾಗಿಲಿಗೆ ಬಂದಳು. ಹಿಂದೆಯೇ ರಾವುಲ್, ಹಲ್ಲು ಕಿರಿಯುತ್ತ. ಎರಡು ವರ್ಷದಲ್ಲಿ ಮೊದಲ ಸಲ ಒಡೀಲ್‌ಗೆ ಚೆನ್ನಾಗಿ ಹಸಿವಾಯಿತು. ವರ್ನಾ ಬಾಗಿಲು ತಟ್ಟಿದಳು.

ಬಾಗಿಲು ತೆರೆದವನು, ಕಲ್ಲಾಗಿ ನಿಂತ ಅವಳ ಕೈಯಿಂದ ಪಾತ್ರೆ ಇಸಿದುಕೊಂಡು ಒಂದು ಚಮಚ ರುಚಿ ನೋಡಿದ: "ಈಗ್ಲೂ ಉಪ್ಪು ಜಾಸ್ತಿನೇ, ವರ್ನಾ. ಪರ್ವಾಗಿಲ್ಲ, ನಿನ್ ಗಂಡನಿಗೆ ಅಭ್ಯಾಸ ಇದೆ."