ಕಾರ್ಬನ್ ಪ್ರತಿ

ಮೊನ್ನೆ ಕಚೇರಿಯ ಕಪಾಟಿನಲ್ಲಿ ಹಳೆಯ ಕಾರ್ಬನ್ ಹಾಳೆಯೊಂದು ಸಿಕ್ಕಿತು. ಮೂಗಿನ ಹತ್ತಿರ ಹಿಡಿದಾಗ ಸುಂಟಿಕೊಪ್ಪದ ಕಾಫಿ ಎಸ್ಟೇಟಿನ ಒಂದು ಮಧ್ಯಾಹ್ನ ನೆನಪಾಯಿತು.

ಆಗ ನಾನು ಆರನೇ ಕ್ಲಾಸಿನಲ್ಲಿದ್ದೆ. ಎಸ್ಟೇಟಿನ ಆಳುಗಳ ಸಾಲುಮನೆಯಲ್ಲಿ, ಅಂದರೆ ಲೈನ್‌ಮನೆಯಲ್ಲಿ, ನಮ್ಮ ವಾಸ. ಶಾಲೆಗೆ ಹೋಗುವ ಬಸ್ಸಿನಲ್ಲಿ ನಾನು ಕೂತ ಕೂಡಲೇ ದೊಡ್ಡ ಕ್ಲಾಸಿನ ಹುಡುಗಿಯರು ಮೂಗು ಮುಚ್ಚಿಕೊಂಡು, ‘ಲೈನ್‌ಮನೆ ವಾಸನೆ ಬಂತು, ಕಿಟಕಿ ತೆಗೀರೇ’ ಎನ್ನುತ್ತಿದ್ದರು. ಹೊಟ್ಟೆನೋವೆಂದು ಸುಳ್ಳು ಹೇಳಿ ನಾಲ್ಕು ದಿನ ಮನೆಯಲ್ಲೇ ಉಳಿದೆ. ಐದನೆಯ ದಿನ ಅಮ್ಮನಿಗೆ ನಿಜ ಹೇಳಿದೆ. ಇನ್ನು ಶಾಲೆಗೇ ಹೋಗುವುದಿಲ್ಲ ಎಂದೂ ಹೇಳಿದೆ.

ಅಮ್ಮ ಹೋಗಿ ಟೀಚರನ್ನು ಕಂಡಳು. ಅವರು ‘ಬರೆದು ಕೊಡಿ’ ಎಂದರಂತೆ. ಬರೆಯುವವರು ಎಂದರೆ ಅಮ್ಮನ ಪಾಲಿಗೆ ಒಬ್ಬರೇ: ಆಳುಗಳ ಹಾಜರಿ ಬರೆಯುವ, ಎಸ್ಟೇಟಿನ ಮಲಯಾಳಿ ರೈಟರ್. ಕಾಫಿ ಹಣ್ಣಿನ ಪಿಕಿಂಗ್ ಮುಗಿಸಿ ಬಂದವಳು ನನ್ನನ್ನು ಅವರ ಮೇಜಿನ ಮುಂದೆ ನಿಲ್ಲಿಸಿದಳು.

‘ರೈಟ್ರೇ, ಇವಳ ಕಷ್ಟ ಒಂಚೂರು ಬರೀರಿ.’

‘ನಾನು ಹಾಜರಿ ಬರೆಯೋನಮ್ಮ. ಕಷ್ಟಕ್ಕೆ ನನ್ ಬುಕ್ಕಲ್ಲಿ ಕಾಲಂ ಇಲ್ಲ,’ ಎಂದು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಎರಡು ಹಾಳೆಗಳ ನಡುವೆ ನೀಲಿ ಕಾರ್ಬನ್ ಇಟ್ಟರು.

‘ಹೇಳು ಮೋಳೇ, ಹೇಳು ಮಗಳೇ. ಅವರು ಏನಂದ್ರೋ ಹಂಗೇ ಹೇಳು. ಸೇರಿಸ್ಬೇಡ, ಬಿಡಲೂಬೇಡ.’

ಅವರು ಪೆನ್ನು ಹಿಡಿದು ಕಾದರು. ನಾನು ಒಂದೊಂದೇ ಮಾತು ಹೇಳಿದೆ. ಬರೆದು ಮುಗಿದ ಮೇಲೆ ಮೇಲಿನ ಹಾಳೆಯನ್ನು ಅಮ್ಮನಿಗೂ ಕೆಳಗಿನದನ್ನು ನನಗೂ ಕೊಟ್ಟರು.

‘ಅದು ಶಾಲೆಗೆ, ಇದು ನಿಂಗೆ. ಅವರು ಕಳ್ಕೊಂಡ್ರೂ ನಿನ್ ಹತ್ರ ಇರ್ತದೆ.’

ಮರುದಿನ ಅಮ್ಮ ಕೆಲಸ ಬಿಟ್ಟು, ಆ ಕಾಗದ ಹಿಡಿದು ನನ್ನ ಜೊತೆ ಬಸ್ಸು ಹತ್ತಿದಳು. ಆ ಹುಡುಗಿಯರ ಮುಂದಿನ ಸೀಟಿನಲ್ಲೇ ಕೂತೆವು. ಕಿಟಕಿಯನ್ನು ನಾನೇ ತೆಗೆದೆ.