ಅಜ್ಜ ಪದಕ ಕೇಳಿದ ಮಧ್ಯಾಹ್ನ

ಟ್ರಂಕಿನಿಂದ ಡಾಂಬರ ಗುಳಿಗೆಯ ವಾಸನೆ ಬಂದರೆ ಈಗಲೂ ನನಗೆ ನಮ್ಮೂರು ಮಸೂತಿಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಜ್ಜ ಯುದ್ಧ ಮಾಡಿ ಬಂದ ಸೈನಿಕ. ಆದರೆ ಅವನು ಯುದ್ಧದಲ್ಲಿದ್ದ ಸಂಗತಿಯೇ ಸೇವಾ ದಾಖಲೆಯಲ್ಲಿ ಬಿಟ್ಟುಹೋಗಿ, ಬರಬೇಕಿದ್ದ ಪದಕ ಬಂದಿರಲಿಲ್ಲ. ಅರ್ಜಿ ಹಾಕಿರೆಂದು ಅಜ್ಜಿ ಎಷ್ಟು ಹೇಳಿದರೂ, "ಕೇಳಿ ಇಸ್ಕೊಳ್ಳೂದು ಅದೆಂಥಾ ಮರ್ಯಾದಿ?" ಎನ್ನುತ್ತಿದ್ದ.

ಅವತ್ತು ಟ್ರಂಕಿನಿಂದ ತೆಗೆದ ಅವನ ಸೈನ್ಯದ ಉಣ್ಣೆಯ ಕೋಟು ಅಂಗಳದಲ್ಲಿ ಬಿಸಿಲಿಗೆ ಒಣಗುತ್ತಿತ್ತು. ಸಾಲೋಟಗಿಯಿಂದ ಅಜ್ಜನ ಪಲ್ಟನ್ನಿನ ಗೆಳೆಯ ಕುಂಟುತ್ತ ಬಂದ. ಕೋಟಿನ ಒರಟು ಭುಜ ಸವರಿ, "ನನಗ ಗುಂಡು ಬಿದ್ದಾಗ ಹೆಗಲ ಮ್ಯಾಲೆ ಹೊತ್ಕೊಂಡು ಬಂದಿ. ನೀ ಯುದ್ಧದಾಗ ಇರಲಿಲ್ಲಂದ್ರ ನನ್ನ ಹೊತ್ತವ ಯಾರೋ? ಅರ್ಜಿ ಹಾಕು, ನಾ ಸಾಕ್ಷಿ ಹೇಳ್ತೇನಿ" ಎಂದ.

ಅಜ್ಜ ಅವನ ಕುಂಟು ಕಾಲು ನೋಡಿ, "ನಿನಗ ಬಂತೇನು ಮೆಡಲ್?" ಎಂದು ಕೇಳಿದ.

"ಆಗ ದವಾಖಾನ್ಯಾಗ ಇದ್ನಲ್ಲೋ. ನನ್ನ ಹೆಸರೂ ಬಿಟ್ಟಾರ."

"ಇಷ್ಟು ದಿನ ಹೇಳಬಾರದೇನೋ!" ಅಜ್ಜ ಧಡಕ್ಕನೆ ಎದ್ದು ನನ್ನನ್ನು ಕೂಗಿದ. "ಏ ತಂಗಿ, ಪೆನ್ನು ತಾ. ಇವನ ಅರ್ಜಿ ಮೊದಲ, ನಂದು ಆಮ್ಯಾಲೆ."

ಎರಡೂ ಅರ್ಜಿ ಬರೆದು ಮುಗಿಸಿದವನೇ ಗೆಳೆಯನ ಕೈ ಹಿಡಿದು, ಅವನ್ನು ಕಚೇರಿಗೆ ಕೊಡಲು ವಿಜಯಪುರದ ಬಸ್ಸಿಗೆ ಹೊರಟ.

"ಚಾ ಆದ್ರೂ ಕುಡದು ಹೋಗ್ರಿ" ಎಂದಳು ಅಜ್ಜಿ.

"ಬಂದು ಕುಡೀತೇವಿ," ಅಜ್ಜ ನಗುತ್ತ ಹೇಳಿದ, "ಈಗಾಗ್ಲೇ ಭಾಳ ತಡಾ ಆಗೇತಿ."