ಎರಡನೇ ಲಿವರ್

“ಅವಳ ಕಡೆ ಬ್ರೇಕ್ ಲಿವರ್‌ಗೆ ವೈರ್ ಎಳೀಬೇಡ. ಎಳೆದ್ರೆ ಕಟಕಟ ಅಂದ್ರೆ ಸಾಕು.”

ಗಂಡನ ದನಿ. ತರೀಕೆರೆಯಲ್ಲಿ ತಾಹಾನ ಗ್ಯಾರೇಜಿನ ತಗಡಿನ ಬಾಗಿಲಾಚೆ ಮಾಯಾ ನಿಂತುಬಿಟ್ಟಳು. ಕಾಲೇಜಿನಲ್ಲಿ ಪಾಠ ಮುಗಿಸಿ, ಅವರಿಬ್ಬರಿಗೆಂದು ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದಳು.

“ಅಕ್ಕಂಗೆ ಗೊತ್ತಾದ್ರೆ?” ಮೆಕ್ಯಾನಿಕ್ ತಾಹಾ ಕೇಳಿದ.

“ಹೆಂಗೆ ಗೊತ್ತಾಯ್ತದೆ? ಕೈಗೆ ಹಿಡ್ಕೊಳ್ಳೋಕೆ ಏನೋ ಒಂದಿದ್ರೆ ಸುಮ್ಮನಿರ್ತಾಳೆ. ಅಳೋ ಮಗು ಕೈಗೆ ಗಿಲಕಿ ಕೊಟ್ಟಂಗೆ ಕಣೋ.”

ಇಬ್ಬರೂ ನಕ್ಕರು. ಮಾಯಾ ನಾಲ್ಕು ಹೆಜ್ಜೆ ಹಿಂದೆ ಸರಿದಳು. ಆಮೇಲೆ ಚಪ್ಪಲಿ ಸದ್ದು ಮಾಡಿಕೊಂಡು, ಆಗಷ್ಟೇ ಬಂದವಳ ಹಾಗೆ ಒಳಗೆ ಬಂದಳು.

ಗಂಡ ಮಹೇಂದ್ರನಿಗೆ ಕಡೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಮಧ್ಯಾಹ್ನದ ಊಟವಾಗಿ ಸ್ಟೀರಿಂಗ್ ಹಿಡಿದರೆ ಅವನ ಕಣ್ಣು ಎಳೆಯುತ್ತಿತ್ತು. ಒಪ್ಪುತ್ತಿರಲಿಲ್ಲ. “ನಿದ್ದೆಯಲ್ಲ ಕಣೇ, ಯೋಚನೆ” ಎನ್ನುತ್ತಿದ್ದ. ಒಮ್ಮೆ ಪಂಚನಹಳ್ಳಿ ರಸ್ತೆಯಲ್ಲಿ ಹಾಗೆ ಯೋಚಿಸುತ್ತಾ, ನಿಂತಿದ್ದ ಟ್ರ್ಯಾಕ್ಟರಿನ ಕಡೆಗೇ ಕಾರು ಬಿಟ್ಟಿದ್ದ. ಮಾಯಾ ಇಬ್ಬರ ನಡುವಿದ್ದ ಹ್ಯಾಂಡ್‌ಬ್ರೇಕನ್ನು ಎಳೆದಳು. ಕಾರು ಅಡ್ಡಡ್ಡ ತಿರುಗಿ ನಿಂತಿತು. ಜೀವ ಉಳಿಯಿತು, ಮಹೇಂದ್ರನ ಹಣೆಗೆ ಬುಗುಟು. ಅಂಗಡಿಯ ಮುಂದೆ ಗೆಳೆಯರು, “ಏನಪ್ಪಾ, ನಿಮ್ಮನೇಲಿ ಬ್ರೇಕು ಮೇಡಂ ಕೈಲಂತೆ!” ಎಂದು ನಕ್ಕರು. ಬುಗುಟು ಇಳಿದರೂ ಆ ನಗು ಅವನ ತಲೆಯಿಂದ ಇಳಿಯಲಿಲ್ಲ.

ಈಗ ಹಳೇ ಜೀಪಿನ ಚಾಸಿಸ್ ಮೇಲೆ ತನಗೆ ಬೇಕಾದಂತೆ ಹೊಸ ಬಾಡಿ ಕಟ್ಟಿಸುತ್ತಿದ್ದ. ಮುಂದೆ ಮೂವರು ಕೂರುವ ಉದ್ದನೆಯ ಸೀಟು. ಹಾಗಾಗಿ ಮಧ್ಯದ ಲಿವರ್ ಅಲ್ಲಿಂದ ಎದ್ದು ಡ್ರೈವರನ ಬಲಕ್ಕೆ, ಬಾಗಿಲ ಪಕ್ಕಕ್ಕೆ ಹೋಗಬೇಕು. ಮೂರನೆಯವರು ಯಾರೆಂದು ಮಾಯಾ ಕೇಳಿದಳು. ಮನೆಯಲ್ಲಿರುವುದು ಇಬ್ಬರೇ. ನಾನು ಹತ್ತುವುದೇ ಇಲ್ಲ ಎಂದು ಹಟ ಹಿಡಿದಾಗ, “ಆಯ್ತು, ನಿನ್ನ ಎಡಕ್ಕೂ ಒಂದು ಹಾಕಿಸ್ತೀನಿ” ಎಂದುಬಿಟ್ಟ. ಅಷ್ಟು ಸಲೀಸಾಗಿ ಒಪ್ಪಿದ್ದೇ ಅವಳಿಗೆ ಅನುಮಾನ. ಈಗ ಕಿವಿಯಾರೆ ಕೇಳಿದ್ದಾಯಿತು.

ಕೇಳಿದೆ ಎಂದು ಹೇಳಿದರೆ ಏನಾಗುತ್ತಿತ್ತು? ಇನ್ನಷ್ಟು ನಗು. ಸುಮ್ಮನಾದಳು. ಆದರೆ ನಿದ್ದೆಗೆಟ್ಟಳು.

ಮರುವಾರ ಹಿಂದಿನ ಚಕ್ರದ ಡ್ರಮ್ ತರಲು ಮಹೇಂದ್ರ ಯಾರದೋ ಪಿಕಪ್‌ನಲ್ಲಿ ತಾಹಾನನ್ನು ಅಜ್ಜಂಪುರಕ್ಕೆ ಕರೆದುಕೊಂಡು ಹೋದ. ಸಂಜೆ ತರೀಕೆರೆ ಸ್ಟ್ಯಾಂಡಿನಲ್ಲಿ ಮಾಯಾ ಕಡೂರಿನ ಬಸ್ಸಿಗೆ ಕಾಯುತ್ತಿದ್ದಾಗ ತಾಹಾ ಬಸ್ಸಿನಿಂದ ಇಳಿದ. ಒಬ್ಬನೇ.

“ಪಿಕಪ್ ಎಲ್ಲೋ?”

“ಅಣ್ಣ ತರ್ತಾರೆ. ಊಟ ಆಯ್ತಲ್ಲ, ನಂಗೆ ಬಸ್ಸೇ ಆರಾಮು ಅಕ್ಕಾ.” ಬಣ್ಣ ಹಚ್ಚಿದ ಗಡ್ಡ ಸವರಿಕೊಂಡು, ಮುಖ ತಪ್ಪಿಸಿ ನಡೆದ.

ಜೀಪು ಸಿದ್ಧವಾದ ದಿನ ಮಹೇಂದ್ರ ತನ್ನ ಬಲದ ಲಿವರ್ ಎಳೆದ. ಕಟಕಟ. “ಫಸ್ಟ್ ಕ್ಲಾಸ್!” ಎಂದ. ಅಲ್ಲಿಗೆ ಪರೀಕ್ಷೆ ಮುಗಿಯಿತು. ಅವನು ಹ್ಯಾಂಡ್‌ಬ್ರೇಕ್ ನಂಬಿದವನೇ ಅಲ್ಲ. ಎಲ್ಲಿ ನಿಲ್ಲಿಸಿದರೂ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡುವುದು ಅವನಪ್ಪ ಲಾರಿ ಓಡಿಸುತ್ತಿದ್ದ ಕಾಲದಿಂದ ಬಂದ ಪದ್ಧತಿ. ಆ ಕಲ್ಲು ಹಳೇ ಕಾರಿನಿಂದ ಇಳಿದು ಜೀಪು ಹತ್ತಿತು, ಮಾಯಾಳ ಕಾಲ ಬಳಿ ಕೂತಿತು.

ಮಹೇಂದ್ರ ಟೈರು ಒದ್ದು ನೋಡುತ್ತಿದ್ದಾಗ ಅವಳು ತಾಹಾನನ್ನು ಪಕ್ಕಕ್ಕೆ ಕರೆದಳು.

“ನಿಜ ಹೇಳು. ವೈರ್ ಹಾಕಿದೀಯಾ?”

“ಅಣ್ಣ ಒಂದಕ್ಕೇ ಹಾಕು ಅಂದಿದ್ರು. ಒಂದಕ್ಕೇ ಹಾಕಿದೀನಿ.” ಒರೆಸಿದ ಕೈಯನ್ನೇ ಮತ್ತೆ ಒರೆಸಿದ. “ನೀವು ಮಾತ್ರ ಎಳೆಯೋ ಅಭ್ಯಾಸ ಬಿಡ್ಬೇಡಿ ಅಕ್ಕಾ.”

ಇವನೂ ಗೇಲಿ ಮಾಡುತ್ತಿದ್ದಾನೆ. ಅವಳ ಕಿವಿ ಬಿಸಿಯಾಯಿತು.

ಭಾನುವಾರ ಕೆಮ್ಮಣ್ಣುಗುಂಡಿ. ಹೋಗದಿರಬಹುದಿತ್ತು. ಆದರೆ ಅವನೊಬ್ಬನೇ ಹೋದರೆ? ತನ್ನ ಕಡೆ ಬ್ರೇಕಂತೂ ಇಲ್ಲ, ಎಚ್ಚರಿಸಲು ಒಂದು ಬಾಯಾದರೂ ಬೇಡವೇ? ಹತ್ತಿ ಕೂತಳು.

ಮೇಲೆ ಬುತ್ತಿ ಬಿಚ್ಚಿದರು. ಚಿತ್ರಾನ್ನ, ಮೊಸರನ್ನ. ಇಳಿಯುವಾಗ ಅವಳು ಒಂದೇ ಸಮನೆ ಮಾತಾಡಿದಳು. ಕಾಲೇಜು, ನಲ್ಲಿ ನೀರು, ಗೆಳತಿ ಅಕ್ಷತಾಳ ಮದುವೆ ಸೀರೆ.

“ವಟವಟ ಅನ್ಬೇಡ ಕಣೇ. ನಿನ್ನ ಮಾತಿಗೇ ನಿದ್ದೆ ಬತ್ತದೆ.”

ಬಾಯಿ ಮುಚ್ಚಿದಳು. ಅವನ ರೆಪ್ಪೆಯನ್ನೇ ನೋಡುತ್ತಾ ಕೂತಳು. ರೆಪ್ಪೆ ಇಳಿಯಿತು, ಏರಿತು, ಇಳಿಯಿತು. ಗಲ್ಲ ಎದೆಗೆ ತಾಗಿತು. ರಸ್ತೆ ಬಲಕ್ಕೆ ತಿರುಗಿತು, ಜೀಪು ತಿರುಗಲಿಲ್ಲ.

“ರೀ!”

ಬಲಗೈ ತಾನಾಗಿ ನಡುವಿಗೆ ಹೋಯಿತು. ಅಲ್ಲಿ ಬರಿಯ ಸೀಟು. ಎಡಗೈಗೆ ಸಿಕ್ಕಿದ್ದು ಆ ಸುಳ್ಳು ಲಿವರ್. ಸುಳ್ಳೆಂದು ತಿಳಿದೂ, ಮೈಯೆಲ್ಲ ಹೊರಳಿಸಿ ಎರಡೂ ಕೈಯಲ್ಲಿ ಎಳೆದಳು. ಮಹೇಂದ್ರ ಬೆಚ್ಚಿ ಎದ್ದು ತನ್ನದನ್ನು ಎಳೆದ. ಹಿಂದಿನ ಟೈರುಗಳು ಕಿರುಚಿದವು. ಕಣಿವೆಯ ಅಂಚಿಗೆ ಒಂದು ಮಾರು ಇರುವಾಗ ಜೀಪು ನಿಂತಿತು, ಇಂಜಿನ್ ಆರಿತು.

ಮಹೇಂದ್ರ ತಲೆ ಹೊರಗೆ ಹಾಕಿ ಅಂಚು ನೋಡಿದ. ಮೆಲ್ಲಗೆ ಬೆನ್ನು ನೆಟ್ಟಗಾಯಿತು.

“ನೋಡಿದ್ಯಾ? ನಾನು ಎಳೀದೆ ಇದ್ದಿದ್ರೆ?”

ಅವನು ಅವಳ ಕಡೆ ಲಿವರಿನತ್ತ ಬೆರಳು ತೋರಿಸಿದ.

“ಹೇಳೇಬಿಡ್ತೀನಿ. ನಿಂದು ಬರೀ ಆಟದ ಸಾಮಾನು ಕಣೇ. ಅದಕ್ಕೆ ವೈರೇ ಇಲ್ಲ.”

“ಗೊತ್ತು,” ಎಂದಳು.

ಅವನು ತನ್ನ ಲಿವರನ್ನು ಪೂರ್ತಿ ಕೆಳಗಿಳಿಸಿದ. ಇಂಜಿನ್ ಶುರು ಮಾಡಿ ರಿವರ್ಸ್ ಹಾಕಿದ. ಜೀಪು ಗೊರ್ ಎಂದಿತು, ಕದಲಲಿಲ್ಲ. ಮತ್ತೆ ಒತ್ತಿದ. ಅಲ್ಲಾಡಲಿಲ್ಲ.

“ಲೇ, ಆ ಕಲ್ಲು ಉರುಳಿ ಕೆಳಗೆ ಬಿದ್ದು ಚಕ್ರಕ್ಕೆ ಅಡ್ಡ ಬಂತೇನೇ?”

ಮಾಯಾ ಬಗ್ಗಿ ನೋಡಿದಳು. ಕಲ್ಲು ಅವಳ ಕಾಲ ಬಳಿಯೇ ಇತ್ತು.

ಅವಳು ತನ್ನ ಎಡಕ್ಕೆ ನೆಟ್ಟಗೆ ನಿಂತಿದ್ದ ಲಿವರಿನ ಗುಂಡಿ ಒತ್ತಿ, ಮೆಲ್ಲಗೆ ಕೆಳಗಿಳಿಸಿದಳು, ಜೀಪು ಹೊರಟಿತು.